ಬಂದರಿನ ನಕ್ಷೆಗೆ ಯಾವ ಎಡಿಟರ್?

ನಮ್ಮ ಕಂಪ್ಯೂಟರಿನಲ್ಲಿ ಒಂದೇ ಆಟದ ನಕ್ಷೆ ತಯಾರಿಸುವ ಎಡಿಟರ್ ಮೂರು ಅವತಾರಗಳಲ್ಲಿ ಕೂತಿದೆ: ಹಳೆಯದು, ನಡುವಿನದು, ಹೊಸದು. ಯಾವುದನ್ನು ಬಳಸಬೇಕು ಎಂದು ಆಟಗಾರರ ವೇದಿಕೆಯಲ್ಲಿ ಕೇಳಿ ನಾನೇ ತಲೆನೋವು ತಂದುಕೊಂಡೆ. ಹೊಸದು ಇರುವಾಗ ಹಳೆಯದನ್ನು ಯಾರು ಮುಟ್ಟುತ್ತಾರೆ ಎಂದು ಒಬ್ಬರು ನಕ್ಕರು. ಹೊಸದಕ್ಕೆ ಕೈ ಹಾಕಿದರೆ ನಿಮ್ಮ ಕರ್ಮ ಎಂದು ಇನ್ನೊಬ್ಬರು ಹೆದರಿಸಿದರು. ಮೂರನೆಯವರು ಎರಡರಲ್ಲೂ ಒಳ್ಳೆಯದಿದೆ, ಕೆಟ್ಟದ್ದೂ ಇದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. ನಾಲ್ಕನೆಯವರು ನನ್ನ ಪ್ರಶ್ನೆಯನ್ನು ಬಿಟ್ಟು ಮೂರನೆಯವರ ಜೊತೆ ಜಗಳಕ್ಕೆ ನಿಂತರು. ಆ ಜಗಳ ಇನ್ನೂ ನಡೆಯುತ್ತಿದೆ.

ಆಟ ಹಡಗುಗಳದ್ದು. ಹಡಗನ್ನು ಗಾಳಿ, ಮಂಜು, ಬಂಡೆಗಳ ನಡುವೆ ನಡೆಸಿ ಬಂದರು ಮುಟ್ಟಿಸಬೇಕು. ಆಟದ ಜೊತೆ ಬಂದ ನಕ್ಷೆಗಳು ಸಾಕಾಗದವರು ತಮ್ಮದೇ ಸಮುದ್ರ, ತಮ್ಮದೇ ದ್ವೀಪಗಳನ್ನು ಕಟ್ಟಿಕೊಳ್ಳುತ್ತಾರೆ. ನಾನೂ ನನ್ನ ಅಣ್ಣನೂ ಸೇರಿ ಒಂದು ಬಂದರು ಕಟ್ಟುತ್ತಿದ್ದೇವೆ. ದಡ, ಕಟ್ಟಡ, ನೀರಿನ ಬಣ್ಣ ನನ್ನ ಪಾಲು. ಹಡಗಿನ ದಾರಿ, ಗಾಳಿ, ಶಬ್ದ ಅಣ್ಣನ ಪಾಲು.

ಅಣ್ಣ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಕಾಲೇಜಿನಲ್ಲಿದ್ದಾಗ ಶುರುವಾದ ಕಣ್ಣಿನ ತೊಂದರೆ ನಿಧಾನವಾಗಿ ಎಲ್ಲವನ್ನೂ ಒಯ್ದಿತು. ಈಗ ಅವನಿಗೆ ಕಿಟಕಿಯ ಬೆಳಕು ಎತ್ತ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಒಂದು ದನಿ ಅವನಿಗೆ ಓದಿ ಹೇಳುತ್ತದೆ. ಹಳೆಯ ಎಡಿಟರಿನಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಕೀಲಿ ಇದೆ, ಪ್ರತಿಯೊಂದು ವಸ್ತುವಿನ ಜಾಗವನ್ನೂ ಅಂಕಿಯಲ್ಲಿ ಬರೆಯಬಹುದು. ದನಿ ಅಂಕಿ ಓದುತ್ತದೆ, ಅಣ್ಣ ಅಂಕಿ ಒತ್ತುತ್ತಾನೆ. ಒಂದು ಬಂಡೆ ಎಲ್ಲಿದೆ ಎಂದು ನಾನು ಹುಡುಕಿ ನೋಡುವಷ್ಟರಲ್ಲಿ ಅವನು ಅದನ್ನು ಸರಿಸಿ ಮುಗಿಸಿರುತ್ತಾನೆ.

ಹೊಸ ಎಡಿಟರ್ ಚೆಂದವೋ ಚೆಂದ. ನೀರು ಹೊಳೆಯುತ್ತದೆ, ದಡ ತಾನೇ ಇಳಿಜಾರಾಗುತ್ತದೆ. ಆದರೆ ಅಲ್ಲಿ ಎಲ್ಲವನ್ನೂ ಮೌಸಿನಿಂದ ಹಿಡಿದು ಎಳೆಯಬೇಕು. ಅಣ್ಣ ಅದನ್ನು ತೆರೆದಾಗ ದನಿ "ಬಟನ್, ಬಟನ್, ಬಟನ್" ಎಂದಷ್ಟೇ ಹೇಳಿತು.

"ಏನೇ ಇದು, ದರ್ಜಿ ಅಂಗಡಿನಾ?" ಎಂದ ಅಣ್ಣ.

ನಡುವಿನದು ಅಂಕಿಗಳನ್ನೇನೋ ಓದುತ್ತದೆ, ಆದರೆ ಉತ್ತರವನ್ನು ದಕ್ಷಿಣ ಎನ್ನುತ್ತದೆ. ಅದನ್ನು ಒಂದು ಸಂಜೆ ಬಳಸಿ, ಬಂದರನ್ನು ಬೆಟ್ಟದ ಮೇಲೆ ಕಟ್ಟಿ, ಬಿಟ್ಟೆವು.

ಹೀಗೆ ಹಳೆಯದರಲ್ಲೇ ನೆಮ್ಮದಿಯಾಗಿದ್ದಾಗ ಬೂದುಬೆಕ್ಕಿನ ಸಂದೇಶ ಬಂತು. ವೇದಿಕೆಯ ಯಜಮಾನರು ಇಟ್ಟುಕೊಂಡ ಹೆಸರು ಅದು. ಆ ಮನುಷ್ಯರನ್ನು ನಾನು ಕಂಡಿಲ್ಲ. ಒಳ್ಳೆಯ ನಕ್ಷೆಗಳನ್ನು ಆರಿಸಿ ಒಂದು ಕಟ್ಟು ಮಾಡುತ್ತಿದ್ದಾರೆ, ಅದು ಆಟ ಆಡುವ ಎಲ್ಲರ ಕೈಗೂ ಹೋಗುತ್ತದೆ, ನಮ್ಮ ಬಂದರು ಅದರಲ್ಲಿ ಮೊದಲನೆಯದಾಗಲಿ ಎಂದು ಅವರ ಆಸೆ. ಒಂದೇ ಷರತ್ತು: ಹೊಸ ಎಡಿಟರಿನಲ್ಲಿರಬೇಕು. ಹೊಸದರಲ್ಲಿ ಒಮ್ಮೆ ಉಳಿಸಿದ ನಕ್ಷೆಯನ್ನು ಹಳೆಯದು ಮತ್ತೆ ತೆರೆಯುವುದಿಲ್ಲ. ಅಲ್ಲಿಗೆ ಲೆಕ್ಕ ಸ್ಪಷ್ಟವಾಗಿತ್ತು. ಹೊಸದನ್ನು ಆರಿಸಿದರೆ ಅಣ್ಣ ತಾನು ಕಟ್ಟಿದ ಬಂದರಿನಿಂದ ಹೊರಗೆ. ಹಳೆಯದನ್ನು ಆರಿಸಿದರೆ ಬಂದರು ಕಟ್ಟಿನಿಂದ ಹೊರಗೆ.

ನನಗೆ ಆ ಕಟ್ಟು ಬೇಕಿತ್ತು. ಸುಳ್ಳು ಯಾಕೆ ಹೇಳಲಿ?

"ಸುಲಭ ಇದೆ ಅಣ್ಣ," ಎಂದೆ. "ನೀನು ಹೇಳು, ನಾನು ಹೊಸದರಲ್ಲಿ ಮಾಡ್ತೀನಿ."

"ಅಂದ್ರೆ ನೀನು ಊಟ ಮಾಡೋದು, ಆಮೇಲೆ ಉಪ್ಪು ಸರಿ ಇತ್ತು ಅಂತ ನನಗೆ ಹೇಳೋದು."

"ಹಾಗಲ್ಲ ಕಣೋ."

"ಮತ್ತೆ ಹೇಗೆ ಪುಟ್ಟಿ?"

ಅಮ್ಮ ಒಗೆದ ಬಟ್ಟೆ ಮಡಚುತ್ತಾ ಅಲ್ಲೇ ಕೂತಿದ್ದಳು. "ಇಬ್ಬರಿಗೂ ಮದುವೆ ವಯಸ್ಸಿನ ಮಕ್ಕಳಿರಬೇಕಿತ್ತು. ಇಲ್ಲದ ಸಮುದ್ರಕ್ಕೆ ಹೊಡೆದಾಡ್ತಾ ಕೂತಿದೀರಲ್ಲ," ಎಂದಳು.

ಆದರೂ ಒಮ್ಮೆ ಪ್ರಯತ್ನಿಸೋಣ ಎಂದು ನಕ್ಷೆಯ ಒಂದು ಪ್ರತಿ ತೆಗೆದು ಹೊಸದರಲ್ಲಿ ತೆರೆದೆ. ಮೂಲವನ್ನು ಮುಟ್ಟಲಿಲ್ಲ, ಅಷ್ಟು ಬುದ್ಧಿ ನನಗಿದೆ. ಅಣ್ಣ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತ. ಮೊದಲು ಬಂದರಿನ ಬಾಯಿಯನ್ನು ನೋಡಬೇಕಿತ್ತು, ಏಕೆಂದರೆ ನಮ್ಮ ನಕ್ಷೆಯ ಜೀವ ಇರುವುದೇ ಅಲ್ಲಿ. ಆ ಬಾಯಿಯಲ್ಲಿ ಯಾವಾಗಲೂ ಮಂಜು. ಎಡಕ್ಕೊಂದು, ಬಲಕ್ಕೊಂದು ಗಂಟೆ ನೀರಿನ ಮೇಲೆ ತೇಲುತ್ತಿರುತ್ತವೆ. ಎರಡೂ ಗಂಟೆ ಸಮನಾಗಿ ಕೇಳಿಸುವ ಹಾಗೆ ಹಡಗು ನಡೆಸಿದರೆ ಬಂಡೆಗಳ ನಡುವೆ ಕೂದಲೂ ಕೊಂಕದೆ ಒಳಗೆ ಬರಬಹುದು. ಕಣ್ಣಿದ್ದವರಿಗೂ ಇಲ್ಲದವರಿಗೂ ಅಲ್ಲಿ ಒಂದೇ ನ್ಯಾಯ. ಅದು ಅಣ್ಣನ ಕೆಲಸ. ಗಂಟೆಗಳನ್ನು ಇಟ್ಟು, ಕೇಳಿ, ಸರಿಸಿ, ಮತ್ತೆ ಕೇಳಿ ಎಷ್ಟು ಸಂಜೆ ಕಳೆದನೋ.

"ಎಡಗಂಟೆ ಎಷ್ಟರಲ್ಲಿದೆ?" ಎಂದ.

ಹೊಸದರಲ್ಲಿ ಅಂಕಿ ಒಂದು ಮೂಲೆಯಲ್ಲಿ, ಇರುವೆಯಷ್ಟು ಸಣ್ಣದಾಗಿ ಕಾಣುತ್ತದೆ. ಬಗ್ಗಿ ನೋಡಿದೆ. "ನಲವತ್ತೊಂದು."

"ನಲವತ್ತೊಂದೂವರೆಗೆ ಸ್ವಲ್ಪ ಕಡಿಮೆ ಇಟ್ಟಿದ್ದೆ. ಬಲಗಂಟೆ?"

"ನಲವತ್ತನಾಲ್ಕು."

"ಅದೂ ನಲವತ್ತನಾಲ್ಕೂವರೆ ಹತ್ರ ಇತ್ತು."

ಹೊಸ ಎಡಿಟರ್ ಪ್ರತಿಯೊಂದು ವಸ್ತುವನ್ನೂ ಚೌಕದ ಮೂಲೆಗೆ ಎಳೆದು ಕೂರಿಸುತ್ತದೆ. ಅಂದವಾಗಿ ಕಾಣಲಿ ಎಂದು. ಬಿಡಿಸಲು ನೋಡಿದೆ, ಎಳೆದಷ್ಟೂ ಗಂಟೆ ರಬ್ಬರಿನಂತೆ ಹಿಂದಕ್ಕೆ ಹೋಗಿ ಮೂಲೆಯಲ್ಲೇ ಕೂತಿತು. ಅದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ವೇದಿಕೆಯಲ್ಲಿ ಹುಡುಕಿದರೆ, ಅಂಥ ಗುಂಡಿ ಯಾರಿಗೆ ಬೇಕು ಎಂಬ ಉತ್ತರ ಸಿಕ್ಕಿತು. ಬೆರಳಿನಿಂದ ಮೇಜು ಕುಟ್ಟಿದೆ. ಆಮೇಲೆ, ವಿಜ್ಞಾನ ಓದಿದವಳಲ್ಲವೇ, ಒಂದು ವಾದ ಹೂಡಿದೆ.

"ನೋಡು, ಎರಡೂ ಒಂದೇ ಕಡೆಗೆ, ಒಂದೇ ಅಳತೆ ಜರುಗಿವೆ. ನಡುವಿನ ಅಂತರ ಮೊದಲಿನಷ್ಟೇ ಇದೆ. ಏನೂ ಆಗಲ್ಲ."

"ಬಂಡೆ ಜರುಗಿತಾ?"

ಪರದೆಯತ್ತ ಬಗ್ಗಿದೆ. ಬಂಡೆ ನೆಲದ ಭಾಗ. ಅದು ಇದ್ದಲ್ಲೇ ಇತ್ತು.

"ಮೊನ್ನೆ ಔಷಧಿ ಅಂಗಡಿಯವನು ನಿನ್ನ ಲ್ಯಾಬಿಗೆ ತೂಕದ ಬಟ್ಟು ತಂದಿದ್ದ ಅಂದ್ಯಲ್ಲ," ಎಂದ ಅಣ್ಣ. "ಎಲ್ಲಾ ಬಟ್ಟೂ ಒಂದೇ ಕಡೆಗೆ ತಪ್ಪಿದೆ ಮೇಡಂ, ಹಾಗಾಗಿ ತಪ್ಪೇ ಅಲ್ಲ ಅಂದ ಅಂತ. ನೀನೇನು ಮಾಡ್ದೆ?"

ನನ್ನ ಕೆಲಸ ತೂಕ ಮತ್ತು ಅಳತೆಯ ಸಾಧನಗಳನ್ನು ಪರೀಕ್ಷಿಸುವುದು. ಆ ಬಟ್ಟುಗಳನ್ನು ನಾನು ವಾಪಸು ಕಳಿಸಿದ್ದೆ, ಮುದ್ರೆ ಹಾಕದೆ. ಮನೆಗೆ ಬಂದು ಆ ಮನುಷ್ಯನ ದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸಿಯೂ ಇದ್ದೆ.

"ಅದು ಔಷಧಿ. ಇದು ಆಟ," ಎಂದೆ.

"ಸರಿ ಬಿಡು." ಅಣ್ಣ ಎದ್ದು ನಿಂತ. "ಹೊಸದರಲ್ಲೇ ಮಾಡು. ನಿನ್ನ ಹೆಸರು ಮಾತ್ರ ಹಾಕ್ಕೋ. ನನಗೇನೂ ಬೇಜಾರಿಲ್ಲ, ದೇವರಾಣೆ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಔದಾರ್ಯ ಇದೆಯಲ್ಲ, ಇದನ್ನು ಮಾತ್ರ ಸಹಿಸಲಾಗಲಿಲ್ಲ. ಚಿಕ್ಕಂದಿನಿಂದಲೂ ಅವನದು ಇದೇ ವರಸೆ. ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿ, ನಾನು ತಿನ್ನಲಾಗದ ಹಾಗೆ ಮಾಡುವುದು.

"ನಿನ್ನ ದಾನ ಯಾರಿಗೆ ಬೇಕೋ?" ಎಂದು ಕೂಗಿದೆ.

"ಅಕ್ಕಪಕ್ಕದವರಿಗೆ ಕೇಳ್ಸುತ್ತೆ," ಎಂದಳು ಅಮ್ಮ.

"ಕೇಳಿಸ್ಲಿ!"

ಅಣ್ಣ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋದ. ನೀರು ಕುಡಿಯುವ ಶಬ್ದ ಬಂತು, ಲೋಟ ಇಡುವ ಶಬ್ದ ಬಂತು. ನಾನು ಹೊಸ ನಕ್ಷೆಯನ್ನು ಆಟದಲ್ಲಿ ತೆರೆದು ಹಡಗನ್ನು ಬಂದರಿನ ಬಾಯಿಗೆ ತಂದೆ. ಮಂಜಿನಲ್ಲೂ ಬಂಡೆಯ ನೆರಳು ಮಸುಕಾಗಿ ಕಾಣುತ್ತಿತ್ತು. ಅದನ್ನು ನೋಡಿಕೊಂಡು, ಒಂದಿಷ್ಟು ಬಲಕ್ಕೆ ತಿರುಗಿಸಿ, ಸಲೀಸಾಗಿ ಒಳಗೆ ಹೋದೆ. ಏನೂ ಆಗಲಿಲ್ಲ ನೋಡು ಎಂದು ಅಡುಗೆಮನೆಯ ಕಡೆಗೆ ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅಳತೆಗೋಲನ್ನು ಪರೀಕ್ಷಿಸುವಾಗ ಕಣ್ಣಂದಾಜಿನಿಂದ ತಿದ್ದಿಕೊಂಡು ಓದಿದರೆ ಅದು ಪರೀಕ್ಷೆಯೇ ಅಲ್ಲ. ಹೊಸಬರಿಗೆ ಇದನ್ನೇ ಮೊದಲ ಪಾಠವಾಗಿ ನಾನು ಹೇಳಿಕೊಡುವುದು.

ಹಡಗನ್ನು ಮತ್ತೆ ಹೊರಗೆ ತಂದೆ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದೆ. ಎಡಗಂಟೆ ಜೋರಾದಾಗ ಬಲಕ್ಕೆ, ಬಲಗಂಟೆ ಜೋರಾದಾಗ ಎಡಕ್ಕೆ. ಎರಡೂ ಸಮನಾದವು. ಎಷ್ಟು ಸಮ ಎಂದರೆ ಗಂಟೆ ನನ್ನ ತಲೆಯ ನಟ್ಟನಡುವೆ ಬಾರಿಸುತ್ತಿದೆ ಅನ್ನಿಸಿತು. ಆ ಸಮದಲ್ಲೇ, ಒಂದಿಷ್ಟೂ ಅಲುಗದೆ, ನೇರವಾಗಿ ಹೋಗಿ ಬಂಡೆಗೆ ಬಡಿದೆ.

ಇನ್ನೊಮ್ಮೆ ಹೋದೆ. ಇನ್ನೊಮ್ಮೆ ಬಡಿದೆ. ಹಳೆಯ ನಕ್ಷೆಯನ್ನು ತೆರೆದು ಕಣ್ಣು ಮುಚ್ಚಿಯೇ ನಡೆಸಿದೆ. ಗಂಟೆಗಳು ಎರಡೂ ಬದಿಯಿಂದ ಹಾದು ಹಿಂದಕ್ಕೆ ಸರಿದವು. ಕಣ್ಣು ಬಿಟ್ಟಾಗ ಹಡಗು ಬಂದರಿನೊಳಗಿನ ಶಾಂತ ನೀರಿನಲ್ಲಿ ನಿಂತಿತ್ತು.

ಬೂದುಬೆಕ್ಕಿಗೆ ಬರೆದೆ: ನಮ್ಮ ನಕ್ಷೆ ಹಳೆಯ ಎಡಿಟರಿನಲ್ಲೇ ಇರುತ್ತದೆ, ಹಾಗೇ ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ. ಉತ್ತರ ತಕ್ಷಣ ಬಂತು. ತುಂಬಾ ಬೇಸರವಂತೆ, ಆದರೆ ನಿಯಮ ನಿಯಮವಂತೆ, ಇಂದಿನ ಕಾಲದಲ್ಲಿ ಹಳೆಯದಕ್ಕೆ ಅಂಟಿಕೊಳ್ಳುವುದು ಏಕೆ ಎಂದು ಅರ್ಥವಾಗುವುದಿಲ್ಲವಂತೆ. ಅರ್ಥ ಮಾಡಿಸುವ ನಾಲ್ಕು ಸಾಲು ಬರೆದೆ, ಅಳಿಸಿದೆ. ನಮ್ಮ ನಕ್ಷೆಯನ್ನು ಕಟ್ಟಿನ ಹೊರಗೆ, ಬೇಕಾದವರು ಹುಡುಕಿ ತೆಗೆದುಕೊಳ್ಳುವ ಜಾಗದಲ್ಲಿ ಹಾಕಿದೆ. ಕೆಳಗೆ ಎರಡು ಹೆಸರು. ಖುಷಿಯಿಂದ ಮಾಡಿದೆನೇ ಎಂದು ಕೇಳಿದರೆ, ಇಲ್ಲ.

"ಹೊಸದು ಬೇಡ," ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದೆ. "ಕಟ್ಟಿನಲ್ಲಿ ನಾವಿಲ್ಲ. ಸಂತೋಷನಾ?"

ಅಣ್ಣ ಬಂದು ಬಾಗಿಲಲ್ಲಿ ನಿಂತ. "ನನಗೋಸ್ಕರ ಏನಾದ್ರೂ..."

"ನಿನಗೋಸ್ಕರ ಅಲ್ಲ. ಬಂಡೆಗೆ ಬಡೀತು. ಸುಮ್ನಿರು."

"ಎಷ್ಟು ಸಲ?"

"ಬಡಿದಷ್ಟು ಸಲ."

ಅವನು ಹತ್ತಿರ ಬಂದು ಕುರ್ಚಿಯ ಬೆನ್ನನ್ನು ಕೈಯಿಂದ ತಟ್ಟಿದ.

"ಏಳು. ಜಾಗ ಬಿಡು."

ಎದ್ದೆ. ಅವನು ಕೂತು, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು, ಹಳೆಯ ಎಡಿಟರಿನಲ್ಲಿ ಬಂದರಿನ ವಸ್ತುಗಳನ್ನು ಒಂದೊಂದಾಗಿ ಓದಿಸತೊಡಗಿದ. ದನಿ ಮಗ್ಗಿ ಹೇಳುವ ಮಗುವಿನಂತೆ ಓಡುತ್ತಿತ್ತು. ನನ್ನ ಕಿವಿಗೆ ಒಂದು ಅಂಕಿಯೂ ಸಿಗಲಿಲ್ಲ. ಒಂದು ಕಡೆ ಅವನ ಬೆರಳು ನಿಂತಿತು. ಮತ್ತೊಮ್ಮೆ ಓದಿಸಿದ.

"ಪುಟ್ಟಿ, ನಿನ್ನ ದೀಪಸ್ತಂಭದ ಬುಡ ಎಲ್ಲಿದೆ ಗೊತ್ತಾ?"

"ದಡದ ಮೇಲೆ. ಎಷ್ಟು ಚೆನ್ನಾಗಿ ಕಾಣುತ್ತೆ, ನಿನಗೇನು ಗೊತ್ತು."

"ಕಾಣುತ್ತೆ. ಆದರೆ ಸಮುದ್ರದ ಮಟ್ಟಕ್ಕಿಂತ ಎರಡಾಳು ಕೆಳಗಿದೆ. ಒಳಗಿರೋ ಕಾವಲುಗಾರ ಪಾಪ, ಬಾಗಿಲು ತೆಗೆದರೆ ಮುಳುಗ್ತಾನೆ."

ಪರದೆಗೆ ಮುಖ ಒಡ್ಡಿ ನೋಡಿದೆ. ಎಷ್ಟು ನೋಡಿದರೂ ದೀಪಸ್ತಂಭ ದಡದ ಮೇಲೇ ನಿಂತಿತ್ತು.

"ಎಷ್ಟು ಎತ್ತಬೇಕು ಹೇಳು," ಎಂದೆ.

ಅವನು ಆಗಲೇ ಎತ್ತುತ್ತಿದ್ದ.