ಕತ್ತಲಾಗಿರಬೇಕಿದ್ದ ಚಿತ್ರ

ಡನೀಡನ್ ಊರಿನ ನಮ್ಮ ಮಿದುಳು ಸಂಶೋಧನೆಯ ಕಟ್ಟಡದಲ್ಲಿ ಊನಾ ಗೆಡ್ಡಿಸ್ ಅವರು ಕೈಯಿಂದ ಬಾಗಿಲು ತೆರೆದದ್ದನ್ನು ಕಂಡವರಿಲ್ಲ. ಮೊಣಕೈಯಿಂದಲೋ ಸೊಂಟದಿಂದಲೋ ಬಾಗಿಲನ್ನು ನೂಕಿ, ಎರಡೂ ಅಂಗೈಗಳನ್ನು ಮದರಂಗಿ ಹಚ್ಚಿಸಿಕೊಂಡ ಮದುಮಗಳ ಹಾಗೆ ಎದೆಯ ಮುಂದೆ ಎತ್ತಿ ಹಿಡಿದು, ತುಸು ಬಲಕ್ಕೆ ವಾಲುತ್ತ ನಡೆದು ಬರುವರು. ಮನುಷ್ಯನ ಬೆರಳಿಗಂಟಿದ ಕಿಣ್ವ ಆರ್‌ಎನ್‌ಎ ಎಂಬ ಸೂಕ್ಷ್ಮ ಎಳೆಯನ್ನು ಕ್ಷಣಮಾತ್ರದಲ್ಲಿ ನುಚ್ಚುನೂರು ಮಾಡಿಬಿಡುತ್ತದೆಂಬುದು ಅವರ ಕಸುಬಿನ ಮೊದಲ ಪಾಠ. ಆ ಪಾಠ ಅವರ ಮೈಗೇ ಇಳಿದುಬಿಟ್ಟಿತ್ತು. ಬೆಳಗಿನ ಚಹಾಕ್ಕೆ ಬಂದಾಗಲೂ ಚೀಸ್ ರೋಲನ್ನು ಕಾಗದ ಸುತ್ತಿಯೇ ಹಿಡಿಯುವರು. ಮೊಣಕೈ ಸವೆದು ಹೊಳೆಯುವ ಕಂದು ಕೋಟಿನ ಜೇಬಿನಿಂದ ಕರವಸ್ತ್ರ ಎಳೆದರೆ ಕೈಗವಸು ಬರುತ್ತಿತ್ತು, ಅದರಲ್ಲೇ ಮೂಗೊರೆಸಿಕೊಳ್ಳುವರು.

ಸೂಕ್ಷ್ಮದರ್ಶಕಗಳ ಕೋಣೆ ನೋಡಿಕೊಳ್ಳುವ ನನಗೆ ಅವರು ತಮ್ಮ ಜೀವಮಾನದ ವಿಷಯವನ್ನು ಒಮ್ಮೆ ಹೀಗೆ ತಿಳಿಹೇಳಿದ್ದರು:

"ಇದು ಗಂಟು ಕಟ್ಟಿ ಕಳಿಸೋ ಕೆಲಸ ಕಣಯ್ಯ. ಅಡುಗೆ ಆಗೋದು ನರಕೋಶದ ದೂರದ ತುದೀಲಿ. ಏನು ಅಡುಗೆ ಮಾಡ್ಬೇಕು ಅನ್ನೋ ಆರ್‌ಎನ್‌ಎ ಚೀಟಿ ಕೋಶದ ನಡುಮನೆಯಿಂದ ಅಲ್ಲೀತನಕ ಹೋಗ್ಬೇಕು. ಅದನ್ನ ಕಟ್ಟೋದು, ಹೊರೋದು, ದಾರೀಲಿ ಬಿಚ್ಚದ ಹಾಗೆ ಕಾಯೋದು ಎಲ್ಲಾ ನನ್ನ ಪ್ರೋಟೀನು. ಕಲಿಯೋ ಗಳಿಗೇಲಿ ಗಂಟು ಬಿಚ್ಚಿದ್ರೆ ಕೋಶಗಳ ನಡುವಿನ ಸಂಧಿ ಗಟ್ಟಿಯಾಯ್ತು, ನೆನಪು ಉಳೀತು. ಇಲ್ದಿದ್ರೆ ಇಲ್ಲ."

ಆ 'ನನ್ನ' ಎಂಬ ಮಾತನ್ನು ಅವರು ಆಡುವ ರೀತಿ ನೋಡಿ ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಅವರ ಜೊತೆಗಾರ ತಾಮತಿ, ಮಾವೋರಿ ಯುವಕ, ಬಲು ಚುರುಕು. ಆ ಪ್ರೋಟೀನಿಗೆ ಮಾತ್ರ ಅಂಟುವುದೆಂದು ಹೆಸರಾದ, ಹಸಿರಾಗಿ ಹೊಳೆಯುವ ಬಣ್ಣ ಹಚ್ಚಿ, ಪಾಠ ಕಲಿತ ಇಲಿಗಳ ಮಿದುಳಿನ ಸಂಧಿಗಳಲ್ಲಿ ಅದು ಗುಂಪುಗೂಡುವುದನ್ನು ಅವನು ತೋರಿಸಿದ್ದ. ದೊಡ್ಡ ವಿಜ್ಞಾನ ಪತ್ರಿಕೆಯೊಂದು ಇಬ್ಬರ ಲೇಖನವನ್ನು ಒಪ್ಪಿತ್ತು. ಅದು ಅಚ್ಚಾದರೆ ಅವನಿಗೆ ಮೆಲ್ಬರ್ನಿನಲ್ಲಿ ಖಾಯಂ ಕೆಲಸ. ಆದರೆ ಆ ಪ್ರೋಟೀನೇ ಇಲ್ಲದಂತೆ ಹುಟ್ಟಿಸಿದ ಇಲಿಗೂ ಅದೇ ಬಣ್ಣ ಹಚ್ಚಿ, ಅಲ್ಲಿ ಬರೀ ಕತ್ತಲೆ ಕಾಣುವುದೆಂದು ಖಾತ್ರಿ ಮಾಡಿಕೊಳ್ಳುವುದು ಆ ಕಸುಬಿನ ಆಚಾರ. ಅಂಥ ಇಲಿ ಸಿಗದೆ ಇವರು ಬಣ್ಣ ಸರಿಯಿದೆಯೆಂಬ ಅನ್ಯರ ಮಾತು ನಂಬಿ ಮುಂದುವರಿದಿದ್ದರು. ಲೇಖನ ಒಪ್ಪಿಗೆಯಾದ ಮೇಲೆ ಅಡಿಲೇಡಿನಿಂದ ಇಲಿ ಬಂತು. ಬೇರೆ ಯಾರಾದರೂ ಅದನ್ನು ಅದರ ಪಾಡಿಗೆ ತಿಂದುಂಡು ಸುಖವಾಗಿರಲು ಬಿಡುತ್ತಿದ್ದರು. ಊನಾ ಬಿಡಲಿಲ್ಲ.

ಅದರ ಮಿದುಳಿನ ಹೋಳನ್ನು ನನ್ನ ಕೋಣೆಯಲ್ಲೇ ನೋಡಿದರು. ಕತ್ತಲಾಗಿರಬೇಕಿದ್ದ ಚಿತ್ರದ ತುಂಬ ಹಸಿರು.

"ಬಣ್ಣದ ಬಾಟ್ಲಿ ಕೆಟ್ಟಿರ್ಬೇಕು," ಎಂದ ತಾಮತಿ.

"ಹಳೇ ಬಾಟ್ಲೀದೂ ಹಚ್ಚಿ ನೋಡು."

ಅದೂ ಹಸಿರೇ. ಬಣ್ಣ ಇನ್ನಾವುದಕ್ಕೋ ಅಂಟುತ್ತಿತ್ತು. ಇಷ್ಟು ವರ್ಷ ಅವರು ನೋಡಿದ್ದು ತಮ್ಮ ಪ್ರೋಟೀನನ್ನಲ್ಲ, ಬೇರೆ ಯಾರನ್ನೋ.

"ಊನಾ, ಲೋಕವೆಲ್ಲ ಇದೇ ಬಣ್ಣ ಹಚ್ತಿದೆ. ಯಾರಿಗೆ ಗೊತ್ತಾಗುತ್ತೆ?"

"ಈ ಇಲಿಗೆ ಗೊತ್ತಲ್ಲೋ."

"ಇಲಿ ಸತ್ತಿದೆ! ನಾನು ಬದುಕಿದೀನಿ. ನನಗೊಂದು ಮಗು ಇದೆ, ಊನಾ."

ಊನಾ ಅಂದೇ ಲೇಖನವನ್ನು ಹಿಂದಕ್ಕೆ ಪಡೆದರು. ಮೆಲ್ಬರ್ನಿನ ಕೆಲಸ ತಪ್ಪಿತು. ಚಳಿಗಾಲವಿಡೀ ತಾಮತಿ ಅವರೊಡನೆ ಮಾತಾಡಲಿಲ್ಲ. ನನಗೂ ಆ ಹೆಂಗಸಿನ ಮೇಲೆ ಕಡುಕೋಪವಿತ್ತು. ಪ್ರಾಮಾಣಿಕತೆ ಅವರದು, ದಂಡ ತೆತ್ತವನು ಇವನು.

ವಸಂತದಲ್ಲಿ ದ್ವೀಪದೇಶಗಳ ನರವಿಜ್ಞಾನಿಗಳೆಲ್ಲ ಸೇರಿದ ಸಭೆಯಲ್ಲಿ ಊನಾ ಆ ಒಂದೇ ಚಿತ್ರ ಹಿಡಿದು ವೇದಿಕೆ ಹತ್ತಿದರು. "ನಾವು ಮೋಸಹೋದೆವು, ನೀವೂ ಹೋಗಿರಬಹುದು," ಎಂದರು. ಕಿಟಕಿಯ ಬಿಸಿಲಿಗೆ ಚಿತ್ರ ಮಸುಕಾಗಿತ್ತು. ಆಗ ಹಿಂದಿನ ಸಾಲಿನಿಂದ ತಾಮತಿ ಎದ್ದ. ಕಿಟಕಿಗಳ ಪರದೆಗಳನ್ನು ಒಂದೊಂದಾಗಿ ಎಳೆದು ಕೋಣೆ ಕತ್ತಲು ಮಾಡಿ, ದೀಪವನ್ನೂ ಆರಿಸಿ, "ಈಗ ತೋರ್ಸಿ, ಎಲ್ರಿಗೂ ಕಾಣ್ಲಿ," ಎಂದ.

ಇಂಥವರ ಜೊತೆ ಬದುಕುವುದು ಸುಲಭವಲ್ಲ. ಅವರ ಸತ್ಯದ ಬೆಲೆಯನ್ನು ಹಲವು ವೇಳೆ ಪಕ್ಕದವರು ತೆರುತ್ತಾರೆ, ಅದು ಅವರಿಗೂ ಗೊತ್ತಿರುತ್ತದೆ, ಆದರೂ ಅವರು ತಿಳಿದದ್ದನ್ನು ತಿಳಿಯದಂತಿರಲಾರರು. ನೆನಪೆಂದರೇನೆಂದು ಮನುಷ್ಯಕುಲ ಎಂದಾದರೂ ಅರಿತರೆ, ಆ ಅರಿವಿನಲ್ಲಿ ಇವರ ಹೆಸರಿರುವುದಿಲ್ಲ. ಇವರು ತಮ್ಮ ಕೈಯಾರೆ ಅಳಿಸಿಹಾಕಿದ ಸುಳ್ಳೂ ಅಲ್ಲಿ ಇರುವುದಿಲ್ಲ, ಅಷ್ಟೇ.