ಎಣಿಸದೆ ಬರೆದ ವರದಿ

ನಕುರು ಪಟ್ಟಣದಿಂದ ಆ ಕಾಗದ ಬಂದ ದಿನ ನಾನು ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿದೆ. ಮನೆಯಲ್ಲಿದ್ದ ಬಸುರಿಯರೆಲ್ಲ ಮುಖ ಕಿವುಚಿಕೊಂಡು ಕುಡಿದರು, ಒಬ್ಬಳೂ ಸೊಲ್ಲೆತ್ತಲಿಲ್ಲ. ಈ ರೆಸಿಯಾತೊಗೆ, ಅಂದರೆ ನನಗೆ, ಸಿಟ್ಟು ಬಂದಾಗ ಬಾಯಿ ತೆರೆಯಬಾರದು ಎಂದು ಲೋಯಿತಾ ಬೆಟ್ಟದ ಹೆಂಗಸರಿಗೆಲ್ಲ ಗೊತ್ತು.

ಓಲೋಯ್ಬೋರ್ ದವಾಖಾನೆಯ ಪಕ್ಕದ ತಗಡಿನ ಮನೆಯನ್ನು ನೋಡಿಕೊಳ್ಳುವವಳು ನಾನು. ದೂರದ ಹಟ್ಟಿಗಳ ಬಸುರಿಯರು ದಿನ ತುಂಬುವ ಮೊದಲೇ ಬಂದು ಇಲ್ಲಿ ಉಳಿಯುತ್ತಾರೆ. ನೋವು ಶುರುವಾದ ಮೇಲೆ ಬೆಟ್ಟ ಇಳಿಯಲು ಹೊರಟು ದಾರಿಯಲ್ಲೇ ಹೆತ್ತವರನ್ನು, ದಾರಿಯಲ್ಲೇ ಉಸಿರು ಬಿಟ್ಟವರನ್ನು ನೋಡಿ ನೋಡಿ ಸಾಕಾಗಿ ಕಟ್ಟಿದ ಮನೆ. ಅದರ ಗೋಡೆಗೆ ನಾನೇ ಕಲ್ಲು ಹೊತ್ತಿದ್ದೇನೆ. ಬಸುರಿಯರ ಊಟಕ್ಕೆ, ಸೋಪಿಗೆ, ಗಾಡಿಯ ಡೀಸೆಲ್ಲಿಗೆ ನೆರವು ಕೊಡುವವರು ನಕುರುವಿನ ನಿವೃತ್ತ ಸೂಲಗಿತ್ತಿಯರ ಸಂಘದವರು. ತಮ್ಮ ಪಿಂಚಣಿಯಲ್ಲೇ ಉಳಿಸಿ ಕೊಡುತ್ತಾರೆ. ವರ್ಷಕ್ಕೊಂದು ವರದಿ ಕೇಳುತ್ತಾರೆ, ಅಷ್ಟೆ.

ಕಾಗದ ಬರೆದವರು ಸಂಘದ ಹಿರಿಯರಾದ ಗಥೋನಿ. 'ಮೂರು ವರ್ಷದಿಂದ ನಿಮ್ಮ ವರದಿಯಲ್ಲಿ ಒಂದೇ ಮಾತು: ಸುಮಾರು ಇನ್ನೂರು ತಾಯಂದಿರು ಬಂದರು. ಕಳೆದ ವರ್ಷದ ವರದಿಯಲ್ಲಿ ಅದರ ಜೊತೆಗೆ, ದೇವರ ದಯೆಯಿಂದ ಎಲ್ಲರೂ ಕ್ಷೇಮ. ನಾವು ನಲವತ್ತು ವರ್ಷ ಹೆರಿಗೆ ಮಾಡಿಸಿದವರು. ಎಲ್ಲರೂ ಕ್ಷೇಮವಾಗಿರುವ ಹೆರಿಗೆಮನೆಯನ್ನು ನಾವು ಕಂಡಿಲ್ಲ. ಆ ವರ್ಷದ್ದನ್ನೇ ನಿಜವಾಗಿ ಬರೆದು ಕಳಿಸಿ. ಇಲ್ಲದಿದ್ದರೆ ಮುಂದಿನ ವರ್ಷದಿಂದ ಈ ನೆರವು ಬೇರೆ ಊರಿಗೆ ಹೋಗುತ್ತದೆ.'

ಮೈಯೆಲ್ಲ ಉರಿದುಹೋಯಿತು. ನನ್ನನ್ನು ಸುಳ್ಳಿ ಅಂದರಲ್ಲ! ಅದಕ್ಕಿಂತ ಹೆಚ್ಚು ಉರಿದದ್ದು ಅವರು ಹೇಳಿದ್ದು ನಿಜವಾಗಿತ್ತು ಎಂಬುದಕ್ಕೆ.

ಕಾಗದ ಹಿಡಿದುಕೊಂಡು ದವಾಖಾನೆಯ ನರ್ಸ್ ಪರ್ಸಿಮೆಯ್ ಹತ್ತಿರ ಹೋದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನನ್ನು ಯೆಯೊ, ಅಂದರೆ ಅಮ್ಮಾ, ಎನ್ನುತ್ತಾನೆ. ನಾನು ಸ್ವಾಹಿಲಿಯಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಹಾಕಿಕೊಡುವವನು ಅವನೇ.

"ಅಯ್ಯೋ ಯೆಯೊ, ಇದಕ್ಕೆ ಇಷ್ಟು ತಲೆ ಕೆಡಿಸ್ಕೋತೀರಾ? ಇನ್ನೂರ ಹದಿಮೂರು ಅಂತ ಹಾಕಿ. ಹದಿಮೂರು ಅಂದ್ರೆ ನಿಜ ಇರಬೇಕು ಅನ್ಸುತ್ತೆ. ಈ ಬೆಟ್ಟ ಹತ್ಕೊಂಡು ಬಂದು ಯಾರು ನೋಡ್ತಾರೆ?"

"ನಿನ್ನಂಥ ಮಗ ನನ್ನ ಹೊಟ್ಟೇಲಿ ಹುಟ್ಟಲಿಲ್ಲವಲ್ಲ, ನನ್ನ ಪುಣ್ಯ."

"ಹಾಗಾದ್ರೆ ಎಣಿಸಿ."

"ಎಣಿಸ್ತಾರಂತೆ! ನಿಮ್ಮಜ್ಜಿ ಹತ್ರ ಹೋಗಿ ನಿಮ್ಮ ಹಸು ಎಷ್ಟು ಅಂತ ಕೇಳು ಹೋಗು. ಕೋಲು ಮುರಿದು ಕೈಗೆ ಕೊಡ್ತಾಳೆ."

ಅವನು ನಕ್ಕ. ಅವನಿಗೂ ಗೊತ್ತು. ನಾವು ಹಸುವನ್ನು ಎಣಿಸುವುದಿಲ್ಲ, ಮಕ್ಕಳನ್ನಂತೂ ಎಣಿಸುವುದೇ ಇಲ್ಲ. ಎಣಿಸಿದ್ದು ಕಡಿಮೆಯಾಗುತ್ತದೆ. ಮನೆ ಶುರುವಾದ ವರ್ಷ ನಾನು ಒಂದು ಪುಸ್ತಕ ತಂದು ಗೀಟು ಹಾಕಲು ಕೂತದ್ದೇ ತಡ, ಬಸುರಿಯರು ಗಂಟು ಮೂಟೆ ಕಟ್ಟಿದರು. ಪುಸ್ತಕವನ್ನು ಒಲೆಗೆ ಹಾಕಿದ ಮೇಲೆ ವಾಪಸು ಬಂದರು. ದವಾಖಾನೆಯ ದಾಖಲೆಯಲ್ಲಿ ಅಲ್ಲಿ ಹೆತ್ತವರದ್ದು ಮಾತ್ರ ಇದೆ. ದೊಡ್ಡ ಆಸ್ಪತ್ರೆಗೆ ಗಾಡಿಯಲ್ಲಿ ಕಳಿಸಿದವರದ್ದಿಲ್ಲ, ನಮ್ಮ ಹಾಸಿಗೆಯಲ್ಲೇ ಹೆತ್ತವರದ್ದಿಲ್ಲ. ಇದ್ದದ್ದರಲ್ಲೂ ಅರ್ಧ ಹೆಸರುಗಳು ಬಸುರಿಯರು ಬಾಯಿಗೆ ಬಂದಂತೆ ಹೇಳಿದವು. ಅದಕ್ಕೇ ನಾನು ವರ್ಷ ವರ್ಷವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಸುಮಾರು ಇನ್ನೂರು ಎಂದು ಬರೆಯುತ್ತಿದ್ದೆ.

ಸುಮಾರು ಎಂಬ ಮಾತು ಬಂದದ್ದು ಹಾಗೆ. 'ಎಲ್ಲರೂ ಕ್ಷೇಮ' ಎಂಬ ಮಾತು ಬಂದದ್ದು ಮಾತ್ರ ಬೇರೆ ದಾರಿಯಿಂದ. ಆ ದಾರಿ ನೂನ್ಕಿಶು ಅಜ್ಜಿಯ ಹಟ್ಟಿಗೆ ಹೋಗುತ್ತದೆ.

ನೂನ್ಕಿಶುವಿನ ಹಿರಿಯ ಸೊಸೆ ಕಳೆದ ವರ್ಷ ನಮ್ಮ ಮನೆಗೆ ಬಂದಿದ್ದಳು. ಹೆಸರು ಹೇಳುವುದಿಲ್ಲ, ತೀರಿಹೋದವರ ಹೆಸರನ್ನು ನಮ್ಮಲ್ಲಿ ಯಾರೂ ಬಾಯಲ್ಲಿ ತರುವುದಿಲ್ಲ. ಮಧ್ಯಾಹ್ನ ಸ್ವಲ್ಪ ರಕ್ತ ಕಂಡಿತು. ಇಂಥದ್ದು ಬೇಕಾದಷ್ಟು ನೋಡಿದ್ದೇನೆ, ಡೀಸೆಲ್ ಸುಮ್ಮನೆ ಸುಡುವುದು ಯಾಕೆ, ಸಂಜೆಯವರೆಗೆ ನೋಡೋಣ ಎಂದೆ. ಸಂಜೆ ಗಾಡಿ ಹೊರಟಿತು. ಮಗು ವಾಪಸು ಬಂತು, ಅವಳು ಬರಲಿಲ್ಲ. ಆ ದಿನದಿಂದ ನೂನ್ಕಿಶುವಿನ ಹಟ್ಟಿಯಿಂದ ಒಬ್ಬ ಬಸುರಿಯೂ ನನ್ನ ಹೊಸ್ತಿಲು ತುಳಿದಿಲ್ಲ. ನಾನೂ ಆ ಕಡೆ ತಲೆ ಹಾಕಿಲ್ಲ. ನಾಚಿಕೆ, ಬೇರೆ ಏನಲ್ಲ. ಆ ವರ್ಷದ ವರದಿ ಬರೆಯಲು ಕೂತಾಗ ನನ್ನ ಕೈ ತಾನಾಗಿಯೇ ಎಲ್ಲರೂ ಕ್ಷೇಮ ಎಂದು ಬರೆಯಿತು. ಕೈಯನ್ನು ಯಾಕೆ ಬೈಯಲಿ, ಬರೆದವಳು ನಾನೇ.

ಇನ್ನು ನಿಜ ಬರೆಯಬೇಕೆಂದರೆ ಆ ಅಜ್ಜಿಯನ್ನು ಕೇಳದೆ ಆಗುವುದಿಲ್ಲ. ಮರುದಿನ ಹೊರಟೆ. ದಾರಿಯುದ್ದಕ್ಕೂ ವಾಪಸು ಹೋಗಲು ನೆಪ ಹುಡುಕಿದೆ, ಒಂದೂ ಸಿಗಲಿಲ್ಲ.

ನೂನ್ಕಿಶು ಹಟ್ಟಿಯ ಮುಳ್ಳುಬೇಲಿಯ ಬಾಗಿಲಲ್ಲಿ ಕೂತು ನಶ್ಯ ಏರಿಸುತ್ತಿದ್ದಳು. ತೊಡೆಯ ಮೇಲೆ ಆ ಮಗು, ಈಗ ನಾಲ್ಕು ಹಲ್ಲು ಬಂದಿದೆ.

"ಬಂದ್ಯಾ? ನನ್ನ ಹೆಣ ಎತ್ತಿದ ಮೇಲೆ ಬರ್ತೀಯೇನೋ ಅಂದ್ಕೊಂಡಿದ್ದೆ."

"ಕೊಕೊ, ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು."

"ಅಜ್ಜೀ ಅಂತ ಕರೆಯೋಕೆ ಇಷ್ಟು ದಿನ ಬೇಕಾಯ್ತು. ಮೊದಲು ಹಾಲು ಕುಡಿ. ಹಸಿದವಳ ಮಾತು ಹುಳಿ."

ಸೋರೆಬುರುಡೆಯ ಹಾಲು ಕುಡಿದು ಕೆಳಗಿಟ್ಟೆ. ಕಾಗದ ಓದಿ ನಮ್ಮ ಭಾಷೆಯಲ್ಲಿ ಹೇಳಿದೆ. ಅಜ್ಜಿ ಕೇಳುತ್ತಾ ಕೇಳುತ್ತಾ ನಶ್ಯದ ಡಬ್ಬಿ ಮುಚ್ಚಿದಳು.

"ಆ ಮುದುಕಿಯರು ಜಾಣೆಯರು ಕಣೇ. ಎಲ್ಲರೂ ಕ್ಷೇಮ ಅಂತ ಬರೆದ್ಯಾ? ನನ್ನ ಸೊಸೇನೂ ಕ್ಷೇಮಾನಾ?"

"ಹೆಸರು ಹೇಳಬಾರದಲ್ಲ ಕೊಕೊ, ಅದಕ್ಕೇ..."

"ಹೆಸರು ಹೇಳಬೇಡಿ ಅಂದ್ರು ಹಿರಿಯರು. ಅವಳು ಇದ್ದಳು ಅನ್ನೋದನ್ನೇ ಅಳಿಸಿ ಅಂದ್ರಾ? ಹೆಸರಿನ ಹಿಂದೆ ಅಡಗಿ ಕೂತವಳು ನೀನು."

ನಾನು ಅತ್ತುಬಿಟ್ಟೆ. ಐವತ್ತೇಳರ ಹೆಂಗಸು, ಊರಿಗೆಲ್ಲ ಬಯ್ಯುವವಳು, ಮಗುವಿನ ಮುಂದೆ ಮಗುವಿನ ಹಾಗೆ ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಸಂಜೆಯಾಗಿ ದನ ಬರಲು ಶುರುವಾಯಿತು. ಅವಳು ಬಾಗಿಲ ಕಡೆ ತಿರುಗಿ ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದಳು.

"ಮಚ್ಚೆಯದು ಬಂತು. ಮುರಿದ ಕೊಂಬಿನದು ಬಂತು. ಅದರ ಮಗಳು. ಆ ಕಳ್ಳಿ, ಪರರ ಹೊಲ ಮೇಯೋಳು..." ಕೊನೆಯ ಹಸು ಒಳಗೆ ಬಂದದ್ದೇ ಮಗನನ್ನು ಕೂಗಿದಳು. "ಏಯ್, ಬೂದಿ ಬಣ್ಣದ ಕಡಸು ಎಲ್ಲೋ?"

ಗಡ್ಡದ ಮಗ ಹಣೆ ಚಚ್ಚಿಕೊಂಡು ಹಳ್ಳದ ಕಡೆ ಓಡಿದ.

"ಎಣಿಸಿದ್ನಾ ನಾನು?" ಎಂದು ಕೇಳಿದಳು.

"ಇಲ್ಲ."

"ಬಾರದೇ ಇರೋದು ಗೊತ್ತಾಯ್ತೋ ಇಲ್ವೋ?"

ನನ್ನ ತಲೆಯಲ್ಲಿ ಬೆಳಕು ಬಿತ್ತು. ಕಣ್ಣೊರೆಸಿಕೊಂಡು ಎದ್ದೆ.

ಮುಂದಿನ ಹದಿನೈದು ದಿನ ಹಟ್ಟಿಯಿಂದ ಹಟ್ಟಿಗೆ ಅಲೆದೆ. ದನ ಬರುವ ಹೊತ್ತಿಗೆ ಬಾಗಿಲಲ್ಲಿ ಹೆಂಗಸರ ಜೊತೆ ಕೂತೆ. ಕಳೆದ ವರ್ಷ ಮೊದಲ ಮಳೆಗೆ ಹುಲ್ಲು ಚಿಗುರಿದಾಗ ಯಾರು ಬಂದಿದ್ದರು, ಆಮೇಲೆ ಯಾರು, ಅವಳ ಪಕ್ಕದ ಹಾಸಿಗೆಯಲ್ಲಿ ಯಾರು? ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ಹೇಳಿದಳು. ಯಾರೂ ಹೆದರಲಿಲ್ಲ, ಯಾಕೆಂದರೆ ಯಾರೂ ಎಣಿಸಲಿಲ್ಲ. ಒಬ್ಬೊಬ್ಬಳಿಗೆ ಒಂದೊಂದು ಸಾಲು ಬರೆದೆ.

'ನಾಸೇರು, ಬೆಟ್ಟದಾಚೆಯವಳು. ಕೆಟಲು ತಂದಳು, ಮನೆಗೇ ಬಿಟ್ಟು ಹೋದಳು. ಹೆಣ್ಣು ಮಗು, ಕ್ಷೇಮ.'

'ಸಿಲಾಂತೊಯ್. ನಮ್ಮ ಅಡಿಗೆ ಸೇರಲಿಲ್ಲವೆಂದು ದಿನವೂ ಬೈದಳು. ಗಂಡು ಮಗು, ಬಾಯಿ ಅಮ್ಮನದೇ.'

'ನೈಸುಲಾ. ಹಾಸಿಗೆ ಖಾಲಿ ಇರಲಿಲ್ಲ, ನೆಲದ ಮೇಲೆ ಮಲಗಿಸಿದೆವು. ತಪ್ಪು ನಮ್ಮದು. ಅವಳಿ ಮಕ್ಕಳು.'

"ಇದೇನು ವರದಿನಾ, ಜಗಳದ ಪಟ್ಟಿನಾ?" ಎಂದ ಪರ್ಸಿಮೆಯ್. ಆದರೆ ಒಂದು ಸಾಲನ್ನೂ ಬಿಡದೆ ಟೈಪ್ ಹೊಡೆದ. ನಡುವೆ ಒಮ್ಮೆ ನೋಡುತ್ತೇನೆ, ಪ್ರತಿ ಸಾಲಿನ ಮುಂದೆಯೂ ಒಂದು, ಎರಡು, ಮೂರು ಎಂದು ಅಂಕಿ ಕೂತಿದೆ!

"ಏಯ್, ಯಾರೋ ಎಣಿಸಿದ್ದು?"

"ನಾನಲ್ಲ ಯೆಯೊ, ಕಂಪ್ಯೂಟರು. ಅದು ತಾನಾಗೇ ಹಾಕುತ್ತೆ."

"ಅದಕ್ಕೆ ತಾಯಿ ಇಲ್ಲ, ಅದಕ್ಕೇ. ಅಳಿಸು!"

ಅಳಿಸಿದ. ಹುಲ್ಲು ಒಣಗುವ ಹೊತ್ತಿಗೆ ಬಂದವರ ನಡುವೆ, ಅವಳು ಬಂದಿದ್ದ ಜಾಗದಲ್ಲೇ, ಒಂದು ಸಾಲಿನಷ್ಟು ಖಾಲಿ ಬಿಟ್ಟಿದ್ದೆ. ಅದನ್ನು ಕೊನೆಗೆ ಬರೆದೆ. ಹೆರಿಗೆ ಮಾಡಿಸುವುದಕ್ಕಿಂತ ಕಷ್ಟವಾಯಿತು.

'ಕೆಂಪು ಶಾಲಿನವಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮಧ್ಯಾಹ್ನ ರಕ್ತ ಕಂಡಿತು. ರೆಸಿಯಾತೊ ಗಾಡಿ ಕರೆಸಿದ್ದು ಸಂಜೆಗೆ. ಮಧ್ಯಾಹ್ನವೇ ಕರೆಸಬೇಕಿತ್ತು. ಅವಳು ಉಳಿಯಲಿಲ್ಲ. ಮಗ ಇದ್ದಾನೆ, ಅಜ್ಜಿಯ ತೊಡೆಯ ಮೇಲೆ. ಈಗ ಹನಿ ರಕ್ತ ಕಂಡರೂ ಗಾಡಿ ಹೊರಡುತ್ತದೆ.'

ಎಲ್ಲಕ್ಕಿಂತ ಕೆಳಗೆ ನನ್ನದೊಂದು ಮಾತು ಸೇರಿಸಿದೆ: 'ನಾವು ಎಣಿಸಿಲ್ಲ, ಎಣಿಸುವುದೂ ಇಲ್ಲ. ಬಂದವರಲ್ಲಿ ಒಬ್ಬಳನ್ನೂ ಬಿಟ್ಟಿಲ್ಲ. ಎಷ್ಟು ಎಂದು ಬೇಕಾದವರು ಸಾಲುಗಳನ್ನು ಎಣಿಸಿಕೊಳ್ಳಬಹುದು.' ಸೊಕ್ಕು ಎನ್ನಿ ಬೇಕಾದರೆ. ಇತ್ತು ನನಗೆ.

ಕಳಿಸುವ ಮೊದಲು ಹಾಳೆಗಳನ್ನು ನೂನ್ಕಿಶುವಿನ ಬಾಗಿಲಲ್ಲಿ ಕೂತು ಓದಿದೆ. ಸುತ್ತಲಿನ ಹೆಂಗಸರೆಲ್ಲ ಸೇರಿದ್ದರು. ತಮ್ಮ ಸಾಲು ಬಂದಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಕೆಂಪು ಶಾಲಿನ ಸಾಲನ್ನೂ ನಿಲ್ಲಿಸದೆ ಓದಿದೆ. ಅಜ್ಜಿ ಹಾಳೆಗಳನ್ನು ಈಸಿಕೊಂಡು ಕೊನೆಯ ಹಾಳೆಯ ಮೇಲೆ ಥೂ ಎಂದು ಮೆಲ್ಲಗೆ ಉಗುಳಿದಳು. ನಮ್ಮ ಹಿರಿಯರು ಹರಸುವುದು ಹಾಗೆಯೇ.

"ಕಲೆ ಆಯ್ತಲ್ಲ, ಬೇರೆ ಪ್ರತಿ ತೆಗೀತೀನಿ," ಎಂದ ಪರ್ಸಿಮೆಯ್.

"ಮುಟ್ಟಿದರೆ ಕೈ ಮುರೀತೀನಿ," ಎಂದೆ. ಅದೇ ಹಾಳೆ ನಕುರುವಿಗೆ ಹೋಯಿತು.

ಐದು ವಾರ ಸುದ್ದಿಯಿಲ್ಲ. ಕೆಟ್ಟೆವು ಎಂದುಕೊಂಡೆ. ಸತ್ಯ ಬರೆದು ಮನೆ ಮುಚ್ಚಿಸಿದವಳು ಎಂದು ಹೆಸರು ಬರುತ್ತದಲ್ಲ ಎಂದು ಊಟ ಬಿಟ್ಟೆ. ಅವರ ಉತ್ತರ ಬಂದ ದಿನವೇ ನೂನ್ಕಿಶು ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದಳು. ವರ್ಷದ ಮೇಲೆ ಮೊದಲ ಸಲ. ನಾನು ಕಾಗದ ತೋರಿಸಿದೆ.

"ಓದು," ಎಂದಳು. ಓದಿದೆ.

'ರೆಸಿಯಾತೊ ಅವರೇ, ನಿಮ್ಮ ವರದಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆವು. ಎಣಿಸೋಣ ಎಂದು ಪೆನ್ಸಿಲ್ ಹಿಡಿದು ಕೂತವಳು ನಾನೇ. ಸಿಲಾಂತೊಯ್ ಬೈದದ್ದು ಬರುವಷ್ಟರಲ್ಲಿ ಪೆನ್ಸಿಲ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಂಪು ಶಾಲಿನವಳ ಸಾಲನ್ನು ಎರಡು ಸಲ ಓದಿದೆವು. ನಮ್ಮಲ್ಲಿ ಪ್ರತಿಯೊಬ್ಬಳಿಗೂ ಅಂಥದೊಂದು ಸಾಲಿದೆ. ಯಾರೂ ಎಲ್ಲೂ ಬರೆದಿರಲಿಲ್ಲ. ಕೊನೆಯ ಹಾಳೆಯ ಕಲೆಯನ್ನೂ ನೋಡಿದೆವು. ನಮ್ಮ ಅಜ್ಜಿಯರೂ ಹಾಗೇ ಹರಸುತ್ತಿದ್ದರು. ನೆರವು ನಿಲ್ಲುವುದಿಲ್ಲ. ನೈಸುಲಾ ಮಲಗಿದ ಜಾಗಕ್ಕೆ ಒಂದು ಹಾಸಿಗೆ ಕಳಿಸುತ್ತಿದ್ದೇವೆ.'

"ಅಂದ್ರೆ ಎಣಿಸಲೇ ಇಲ್ವಾ ಅವರು?" ಎಂದಳು ಅಜ್ಜಿ.

"ಇಲ್ಲ ಕೊಕೊ. ಓದಿದ್ರಂತೆ, ಅಷ್ಟೆ."

"ಹಾಗಾದ್ರೆ ಮನುಷ್ಯರೇ." ಬೇಲಿಯ ಕಡೆ ತಿರುಗಿ ಕೂಗಿದಳು. "ಎಷ್ಟೊತ್ತು ಹೊರಗೇ ನಿಲ್ತೀಯೇ? ಬಾ ಒಳಗೆ."

ಬೇಲಿಯ ಹಿಂದಿನಿಂದ ಅವಳ ಕಿರಿಯ ಸೊಸೆ ಬಂದಳು. ತುಂಬಿದ ಹೊಟ್ಟೆ, ಬೆನ್ನಿಗೆ ಬಟ್ಟೆಯ ಗಂಟು. ನನ್ನ ಮುಂದೆ ತಲೆ ಬಗ್ಗಿಸಿದಳು. ನಮ್ಮಲ್ಲಿ ಹಿರಿಯರು ಕಿರಿಯರಿಗೆ ಮಾಡುವ ಹಾಗೆ ಅವಳ ನೆತ್ತಿ ಮುಟ್ಟಿದೆ. ಈ ಬೆಟ್ಟದಲ್ಲಿ ನನಗಿಂತ ಹೆಮ್ಮೆಯ ಹೆಂಗಸು ಆ ಗಳಿಗೆಯಲ್ಲಿ ಯಾರೂ ಇರಲಿಲ್ಲ.

"ಇವಳ ಸಾಲು ಉದ್ದ ಮಾಡಬೇಡ," ಎಂದಳು ನೂನ್ಕಿಶು. "ಬಂದಳು, ಹೆತ್ತಳು, ಮನೆಗೆ ಹೋದಳು. ಅಷ್ಟು ಸಾಕು."

'ಬಂದಳು' ಎಂದು ಅಲ್ಲೇ ನಿಂತು ಬರೆದೆ. ಉಳಿದದ್ದಕ್ಕೆ ಜಾಗ ಬಿಟ್ಟು, ಗಾಡಿಯಲ್ಲಿ ಡೀಸೆಲ್ ಎಷ್ಟಿದೆ ನೋಡಲು ಹೋದೆ.