ಅನ್ನಪೂರ್ಣಳ ಹಾಜರಿಗೆ ಬಿದ್ದ ಶಾರ್ಟೇಜು

ಉಳ್ಳಾಗಡ್ಡಿ ಕೀಳುವ ಕಾಲ ಬಂತೆಂದರೆ ಮನೆಯಲ್ಲಿ ಮೊಟ್ಟಮೊದಲು ನಿಲ್ಲುವುದು ಯಾವುದು, ಹೇಳಿ ನೋಡೋಣ? ಅಪ್ಪನ ಕಟ್ಟೆಯ ಹರಟೆ ನಿಲ್ಲುವುದಿಲ್ಲ. ಅಣ್ಣನ ಮೊಬೈಲು ನಿಲ್ಲುವುದಿಲ್ಲ. ನಿಲ್ಲುವುದು ಮಗಳ ಕಾಲೇಜು.

ತಳಕಲ್ಲಿನ ಅನ್ನಪೂರ್ಣಳಿಗೂ ಹಾಗೇ ಆಯಿತು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಬಿ.ಎ. ಮೊದಲ ವರ್ಷ. ಹೆಸರು ಹಚ್ಚಿದ ದಿನ ಅಪ್ಪ ಮುದಿಯಪ್ಪ ಓಣಿಗೆಲ್ಲ ಪೇಡೆ ಹಂಚಿದ್ದ. ಅಷ್ಟು ಮಾಡಿದ್ದೇ ತಡ, ಅವಳನ್ನು ಕೆಲಸಕ್ಕೆಂದು ಮನೆಯಲ್ಲೇ ನಿಲ್ಲಿಸಿಕೊಳ್ಳಲು ಶುರು ಮಾಡಿದ. ಬಸುರಿ ಅತ್ತೆಮಗಳ ಕುಬಸಕ್ಕೆ ಅಂತ ಒಮ್ಮೆ. ಅವ್ವ ಹುಲಗಮ್ಮನಿಗೆ ಜ್ವರ ಬಂತು, ರೊಟ್ಟಿ ಬಡಿಯಬೇಕು ಅಂತ ಒಮ್ಮೆ. ಆಮೇಲೆ ಉಳ್ಳಾಗಡ್ಡಿ ಬಂತು, ಅದಕ್ಕೆ ಕೊನೆಯೇ ಇರಲಿಲ್ಲ. ಅಣ್ಣ ಕನಕರಾಜ ಮನೆಯಲ್ಲೇ ಇದ್ದ. ಅವನ ಕೈಗೇನು ಮದರಂಗಿ ಹಚ್ಚಿತ್ತೋ, ಅವನನ್ನು ಯಾರೂ ಕರೆಯಲಿಲ್ಲ.

ಒಂದು ದಿನ ಹೇಗೋ ಬಿಡಿಸಿಕೊಂಡು ಅವಳು ಕಾಲೇಜಿಗೆ ಹೋದಳು. ಇತಿಹಾಸದ ಸರ್ ಅವಳನ್ನು ಎಬ್ಬಿಸಿ ನಿಲ್ಲಿಸಿದರು.

"ನಿಂದು ಅಟೆಂಡೆನ್ಸ್ ಶಾರ್ಟೇಜ್ ಐತಿ. ಹಿಂಗ ಆದ್ರ ಪರೀಕ್ಷಿಗೆ ಕೂಡ್ಸೂದಿಲ್ಲ. ಮನ್ಯಾಗ ಓದಿದವ್ರು ಯಾರೂ ಇಲ್ಲೇನು, ಇಷ್ಟೂ ತಿಳಿಸಿ ಹೇಳಾಕ?"

ಹಿಂದಿನ ಬೆಂಚಿನವರು ನಕ್ಕರು. ಅನ್ನಪೂರ್ಣಳ ಮೈಯೆಲ್ಲ ಉರಿದುಹೋಯಿತು. ಓದಿದವರಿದ್ದರೆ ತಾನು ಹೀಗೆ ನಿಲ್ಲುತ್ತಿದ್ದೆನೇ? ಕಾಲೇಜು ಶುರುವಾದ ದಿನ ನಿಯಮಗಳನ್ನೆಲ್ಲ ಇಂಗ್ಲಿಷಿನಲ್ಲಿ ಗಡಗಡ ಓದಿ ಮುಗಿಸಿದ್ದರು. ಹೊಸಬರಿಗೆ ತಿಳಿಯಿತೋ ಇಲ್ಲವೋ ಎಂದು ಒಬ್ಬರೂ ಕೇಳಿರಲಿಲ್ಲ.

ಸಂಜೆ ಮನೆಗೆ ಬಂದು ಅಳುತ್ತಲೇ ಹೇಳಿದಳು. "ಯಪ್ಪಾ, ನನಗ ಅಟೆಂಡೆನ್ಸ್ ಶಾರ್ಟೇಜ್ ಬಿದ್ದೈತಂತ."

ಮೊದಲಿನ ಶಬ್ದ ಮುದಿಯಪ್ಪನಿಗೆ ಗೊತ್ತಿರಲಿಲ್ಲ. ಎರಡನೆಯದು ಚೆನ್ನಾಗಿಯೇ ಗೊತ್ತಿತ್ತು. ಗೊಂಜಾಳದ ಬೆಳೆಗೆ ಯೂರಿಯಾ ಬೇಕೆಂದು ಈ ಮಳೆಗಾಲದಲ್ಲಿ ಸೊಸೈಟಿ ಮುಂದೆ ಪಾಳಿ ಹಚ್ಚಿ ನಿಂತಿದ್ದವನು ಅವನು. ಶಾರ್ಟೇಜು ಎಂದರೆ ಲಾರಿ ಬರುವ ತನಕ ಕಾಯಬೇಕು, ಅಷ್ಟೇ.

"ಅದಕ್ಯಾಕ ಅಳ್ತಿ? ಯೂರಿಯಾನೂ ಶಾರ್ಟೇಜ್ ಇತ್ತು, ಆಮ್ಯಾಲ ಬರಲಿಲ್ಲೇನು? ಇದೂ ಬರ್ತೈತಿ. ಸ್ಟಾಕ್ ಬಂದ ಮ್ಯಾಲ ಹೋಗುವಂತಿ. ಅಲ್ಲೀತನ ಉಳ್ಳಾಗಡ್ಡಿ ಕೊಯ್ಯಾಕ ಬಾ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮೊಸರು ಕೇಳಲು ಬಂದಿದ್ದ ಪಕ್ಕದ ಮನೆಯ ಖುಷ್ಬು ಇದನ್ನು ಕೇಳಿಸಿಕೊಂಡಳು. ಅವಳು ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಮೊದಲು ಕಿಸಕ್ಕನೆ ನಕ್ಕಳು, ಆಮೇಲೆ ಸಿಟ್ಟಿಗೆದ್ದಳು.

"ಮುದಿಯಪ್ಪ ಕಾಕಾ, ಹಾಜರಿ ಲಾರಿಯಾಗ ಬರೂದಿಲ್ರಿ! ಹುಡುಗಿ ಕ್ಲಾಸಿನ್ಯಾಗ ಕುಂತ್ರ ಅಷ್ಟ ಬರ್ತೈತಿ. ಪ್ರತಿಯೊಂದು ವಿಷಯದಾಗೂ ನಾಕು ಕ್ಲಾಸ್ ನಡದ್ರ ಮೂರಕ್ಕರ ಇರಬೇಕು. ಇಲ್ಲಂದ್ರ ಎಷ್ಟು ಓದಿದ್ರೂ ಪರೀಕ್ಷಿಗೆ ಕೂಡ್ಸೂದಿಲ್ಲ."

ಮುದಿಯಪ್ಪ ಒಪ್ಪಲಿಲ್ಲ. "ಅಲ್ಲವಾ ಖುಷ್ಬು, ಅಷ್ಟು ಬೇಕಿದ್ರ ಮಾಸ್ತರು ಕರಿಯಾಕ ಬರ್ತಿದ್ರು. ಇಕಿ ಸಾಲಿಗೆ ಹೋಗೂ ಮುಂದ ಎರಡು ದಿನ ತಪ್ಪಿಸಿದ್ರ ಸಾಕು, ಹೊಲಕ್ಕ ಬಂದು ಕರಕೊಂಡು ಹೋಗ್ತಿದ್ರು. ಕಾಲೇಜಿನವ್ರು ಯಾರೂ ಬಂದಿಲ್ಲ. ಅಂದ ಮ್ಯಾಲ ನಡೀತೈತಿ ಅಂತ ತಿಳ್ಕೊಂಡ್ವಿ."

"ಅಲ್ಲೇ ತಪ್ಪಿದ್ದು ಕಾಕಾ. ಕಾಲೇಜಿನವ್ರು ಕರಿಯಾಕ ಬರೂದಿಲ್ರಿ. ಪರೀಕ್ಷಿ ಬಂದಾಗ ಬಾಗಲಾ ಹಾಕ್ತಾರ, ಆವಾಗ ಗೊತ್ತಾಗ್ತೈತಿ. ನನ್ನ ಜೋಡಿ ಕಳಕಮ್ಮ ಅಂತ ಇದ್ಲು, ಭಾಳ ಶಾಣ್ಯಾಕಿ. ಪರೀಕ್ಷಿಗೆ ಕೂಡ್ಸಲಿಲ್ಲ ಅಂತ ಮನಿಗೆ ಬಂದಾಕಿ ಮತ್ತ ಕಾಲೇಜ ನೋಡಲಿಲ್ಲ. ಬ್ಯಾಸಗ್ಯಾಗ ಲಗ್ನ ಮಾಡಿ ಕಳಿಸೇಬಿಟ್ರು."

ಕಳಕಮ್ಮನ ಕಥೆ ಕೇಳಿದ ಮೇಲೆ ಅನ್ನಪೂರ್ಣಳಿಗೆ ತಡೆದುಕೊಳ್ಳಲಾಗಲಿಲ್ಲ. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಹೊರಬಿತ್ತು.

"ಕುಬಸಕ್ಕ ನಾನ, ರೊಟ್ಟಿಗೆ ನಾನ, ಉಳ್ಳಾಗಡ್ಡಿಗೆ ನಾನ! ಅಣ್ಣ ಇಲ್ಲೇ ಅದಾನಲ್ಲ, ಅವನ್ನ ಒಂದಿನರ ಕೇಳೀಯೇನು? ಓಣಿಗೆಲ್ಲ ಪೇಡೆ ಕೊಟ್ಟಿ. ಹೋಗಾಕ ಬಿಡೂದಿಲ್ಲಂದ್ರ ಹೆಸರು ಯಾಕ ಹಚ್ಚಿದಿ ಯಪ್ಪಾ?"

ಮೂಲೆಯಲ್ಲಿ ಮೊಬೈಲು ನೋಡುತ್ತ ಕೂತಿದ್ದ ಕನಕರಾಜನ ಕಡೆ ಮುದಿಯಪ್ಪ ತಿರುಗಿದ. ಮಾತಾಡಿದ್ದು ಒಲೆಯ ಮುಂದಿದ್ದ ಹುಲಗಮ್ಮ. "ಆಕಿ ಹೇಳೂದು ಖರೇ ಐತಿ. ಕನಕ್ಯಾ, ಕೇಳಿದಿಲ್ಲ? ನಾಳಿಂದ ಹೊಲಕ್ಕ ನೀ ಬಾ. ಆ ಮೊಬೈಲ್ ಇಲ್ಲಿಟ್ಟು ಬಾ."

ಮರುದಿನ ಮುದಿಯಪ್ಪ ಮಗಳ ಜೊತೆ ತಾನೂ ಬಸ್ಸು ಹತ್ತಿದ. ಸರ್ ಎಲ್ಲರ ಮುಂದೆ ಅಂದಿದ್ದನ್ನು ದಾರಿಯಲ್ಲಿ ಅವಳು ಅವನಿಗೆ ಹೇಳಿದಳು. ಇತಿಹಾಸದ ಸರ್ ಅವನನ್ನು ನೋಡಿದ್ದೇ, "ಈಗ ಬಂದ್ರೇನು? ನೀವು ಮೊದಲ ಬಂದು ವಿಚಾರಿಸಬೇಕಿತ್ತು" ಎಂದರು.

"ವಿಚಾರಿಸಬೇಕಂತ ನಮಗ ಹೆಂಗ ಗೊತ್ತಾಗಬೇಕ್ರಿ ಸರ?" ಎಂದ ಮುದಿಯಪ್ಪ. "ಕೆಲಸಕ್ಕ ನಿಲ್ಲಿಸ್ಕೊಂಡಾಂವ ನಾನು. ತಪ್ಪು ನಂದು, ನನಗ ಬೈಯ್ರಿ. ಆದ್ರ ಮನ್ಯಾಗ ಓದಿದವ್ರು ಇಲ್ಲೇನು ಅಂತ ಆಕಿನ್ನ ಎಲ್ಲಾರ ಮುಂದ ಯಾಕ ಅಂದ್ರಿ? ಇಲ್ಲ ಅಂತನ ಅಲ್ರಿ, ಆಕಿನ್ನ ಇಲ್ಲಿಗೆ ಕಳಿಸಿದ್ದು?"

ಸರ್ ಕುರ್ಚಿ ಎಳೆದು ಕೊಟ್ಟು, "ಕೂಡ್ರಿ ಯಜಮಾನ್ರ" ಎಂದರು. ಯಾವ ಯಾವ ವಿಷಯದಲ್ಲಿ ಎಷ್ಟು ಕಡಿಮೆಯಿದೆ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದರು. ಇನ್ನು ಮುಂದೆ ಒಂದು ಕ್ಲಾಸೂ ತಪ್ಪಿಸದಿದ್ದರೆ ಪರೀಕ್ಷೆಗೆ ಕೂರಬಹುದು ಎಂದೂ ಹೇಳಿದರು. ಅನ್ನಪೂರ್ಣ ಅಲ್ಲಿಂದ ನೆಟ್ಟಗೆ ಕ್ಲಾಸಿಗೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು.

ಅನ್ನಪೂರ್ಣಳಿಗೆ ಇನ್ನೂ ಹೊತ್ತು ಮೀರಿರಲಿಲ್ಲ. ಕಳಕಮ್ಮನಿಗೆ ಮೀರಿತ್ತು. ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಪ್ಪ ಅವ್ವಂದಿರೇ, ಕಾಲೇಜೆಂದರೆ ಹೆಸರು ಹಚ್ಚಿ ಬಿಡುವುದಲ್ಲ, ದಿನಾ ಕಳಿಸುವುದು. ಮಕ್ಕಳ ಹಾಜರಿ ಎಷ್ಟಾಗಿದೆ ಎಂದು ತಿಂಗಳಿಗೊಮ್ಮೆ ಹೋಗಿ ಕೇಳಿ. ನಾಚಬೇಡಿ, ಕೇಳುವ ಹಕ್ಕು ನಿಮ್ಮದು. ಕಲಿಸುವ ಗುರುಗಳೇ, ಮನೆಯಲ್ಲಿ ಮೊದಲು ಓದಲು ಬಂದ ಮಕ್ಕಳಿಗೆ ನಿಯಮಗಳನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಹಂಗಿಸಬೇಡಿ. ಮತ್ತೆ ನಾಳೆ ಮುಂಜಾನೆ ಕೆಲಸಕ್ಕೊಂದು ಕೈ ಬೇಕಾಯಿತು ಎನ್ನಿ. ಮಗಳ ಹೆಸರು ಕೂಗುವ ಮುಂಚೆ, ಮನೆಯಲ್ಲಿ ಸುಮ್ಮನೆ ಕೂತವರು ಇನ್ಯಾರಿದ್ದಾರೆ, ಒಂದು ಸಲ ತಿರುಗಿ ನೋಡಿ.